ಪಂಚ್ಯಾ ಮೂಸಿ ನೋಡಿದ ಮೂರು ಪಂಚಮಿ

ಹೊರಗಿನಿಂದ ಮನೆಗೆ ಬಂದವನನ್ನು ಮನುಷ್ಯರು ಕೇಳುತ್ತಾರೆ, ನಾಯಿ ಮೂಸುತ್ತದೆ. ಇದೊಂದು ಸಣ್ಣ ವ್ಯತ್ಯಾಸವೆಂದು ನಾನು ಬಹಳ ವರ್ಷ ತಿಳಿದಿದ್ದೆ. "ಎಲ್ಲಿಗೆ ಹೋಗಿದ್ದಿ?" ಎಂದು ಕೇಳಿದವರಿಗೆ ಬಾಯಿಗೆ ಬಂದ ಒಂದು ಊರಿನ ಹೆಸರು ಹೇಳಿ, ಚಪ್ಪಲಿ ಬಿಟ್ಟು, ನೀರು ಕುಡಿದು ಒಳಗೆ ಹೋಗಿಬಿಡಬಹುದು. ಮೂಸುವವರ ಹತ್ತಿರ ಈ ಅನುಕೂಲ ಇಲ್ಲ. ಅವರು ನಿಮ್ಮ ಉತ್ತರಕ್ಕಾಗಿ ಕಾಯುವುದೇ ಇಲ್ಲ.

ನಾಯಿಯಿಂದ ಮನುಷ್ಯ ಕಲಿಯಬೇಕಾದ್ದು ಬಹಳ ಇದೆ ಎಂದು ತಿಳಿದವರು ಹೇಳುತ್ತಾರೆ. ನಿಯತ್ತು ಕಲಿಯಬೇಕಂತೆ, ಎಚ್ಚರ ಕಲಿಯಬೇಕಂತೆ. ಹಾಗೆ ಹೇಳುವವರ ಗೇಟಿನ ಮೇಲೆ "ನಾಯಿ ಇದೆ, ಎಚ್ಚರಿಕೆ" ಎಂಬ ಹಲಗೆಯೂ ತೂಗುತ್ತಿರುತ್ತದೆ. ನನಗೆ ಅಷ್ಟೆಲ್ಲ ತಿಳಿಯದು. ನಾನು ಏಳನೇ ಇಯತ್ತೆಯ ಪರೀಕ್ಷೆಗೆ ಕೂತವನು. ಪಾಸೋ ನಪಾಸೋ ನೋಡಲು ಹೋಗಲಿಲ್ಲ, ಅದೂ ನನ್ನನ್ನು ಹುಡುಕಿಕೊಂಡು ಬರಲಿಲ್ಲ. ನಾನು ನಾಯಿಯಿಂದ ಕಲಿತದ್ದು ಒಂದೇ ಪಾಠ. ಅದನ್ನು ಕಲಿಯಲು ಮೂರು ವರ್ಷ ಹಿಡಿಯಿತು. ಆ ಪಾಠ ಹೇಳಬೇಕಾದರೆ ನನ್ನ ಒಂದು ಹೇಸಿ ಕೆಲಸವನ್ನೂ ಹೇಳಬೇಕು. ಅದಕ್ಕೇ ಇಷ್ಟು ಸುತ್ತುತ್ತಿದ್ದೇನೆ. ನಾಯಿಯೂ ಮಲಗುವ ಮುಂಚೆ ಮೂರು ಸುತ್ತು ಸುತ್ತುತ್ತದೆ, ನೋಡಿದ್ದೀರಲ್ಲ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹಿಂದಿನ ಓಣಿಯಲ್ಲಿ ನನ್ನದು ಹಳೆ ಗೋಣಿಚೀಲದ ಅಂಗಡಿ. ಚೀಲ ಕೊಳ್ಳುವುದು, ಹರಿದದ್ದನ್ನು ದಬ್ಬಣದಿಂದ ಹೊಲಿಯುವುದು, ಜಾಡಿಸಿ, ಕಟ್ಟು ಕಟ್ಟಿ ಮಾರುವುದು. ಕೇಳಲು ಸುಲಭ. ಆದರೆ ಈ ಕಸುಬಿನಲ್ಲಿ ಕಣ್ಣಿಗಿಂತ ಮೂಗು ಮುಖ್ಯ. ತಂದವರು "ಬೆಲ್ಲದ ಚೀಲ ಅದಾವ್ರಿ, ಹೂವಿನಂಥವು" ಅನ್ನುತ್ತಾರೆ. ನಾನು ಚೀಲದ ಬಾಯಿ ಅಗಲಿಸಿ ಮುಖವನ್ನು ಒಳಗೆ ತೂರಿಸುತ್ತೇನೆ. ಕೊಳೆತ ಉಳ್ಳಾಗಡ್ಡಿಯೋ, ಹಿಂಡಿಯೋ, ಸೀಮೆಎಣ್ಣೆಯೋ, ಚೀಲ ತಾನೇ ಹೇಳುತ್ತದೆ. ಸೀಮೆಎಣ್ಣೆ ತಾಗಿದ ಚೀಲಕ್ಕೆ ಮೆಣಸಿನಕಾಯಿ ತುಂಬಿದರೆ ಇಡೀ ಮಾಲು ಕೆಡುತ್ತದೆ. ಹಾಗಾಗಿ ಪೇಟೆಯಲ್ಲಿ ನನ್ನ ಮೂಗಿಗೆ ಒಂದು ಹೆಸರಿತ್ತು. ಇಂಥ ಮೂಗಿನವನಿಗೆ, ತನ್ನನ್ನೂ ಒಬ್ಬರು ಮೂಸಿ ನೋಡಬಹುದು ಎಂಬುದು ಹೊಳೆಯಲಿಲ್ಲ. ಕ್ಷೌರಿಕನ ತಲೆಗೂದಲೇ ಕೆದರಿರುವ ಹಾಗೆ.

ನನಗೊಬ್ಬಳು ಅಕ್ಕ. ಗಿರಿಜವ್ವ. ಕರ್ಜಗಿಗೆ ಕೊಟ್ಟಿದೆ. ಬ್ಯಾಡಗಿಯಲ್ಲಿ ಪ್ಯಾಸೆಂಜರ್ ಹತ್ತಿದರೆ ಹಾವೇರಿ, ಹಾವೇರಿ ದಾಟಿದರೆ ಕರ್ಜಗಿ. ಒಂದು ಎಲೆಯಡಿಕೆ ಹಾಕಿಕೊಂಡು ಉಗುಳುವಷ್ಟರಲ್ಲಿ ಊರು ಬರುತ್ತದೆ. ನಮ್ಮ ಕಡೆ ನಾಗರ ಪಂಚಮಿ ಹೆಣ್ಣುಮಕ್ಕಳ ಹಬ್ಬ. ಆದರೆ ಮದುವೆಯಾದ ಹೆಣ್ಣುಮಗಳು ತಾನಾಗಿ ತವರಿಗೆ ಬರುವುದಿಲ್ಲ. ಅಣ್ಣನೋ ತಮ್ಮನೋ ಹಬ್ಬದ ಸಿಹಿ ಉಂಡಿಯ ಗಂಟು ಹಿಡಿದು ಹೋಗಬೇಕು, ಅವಳ ಗಂಡನ ಮನೆಯ ಕಟ್ಟೆಯ ಮೇಲೆ ಕೂತು ನೀರು ಕುಡಿಯಬೇಕು, "ಕರಿಯಾಕ ಬಂದೇನಿ" ಎನ್ನಬೇಕು. ಅಷ್ಟಾದರೆ ಅವಳ ಚೀಲ ಹೊರಗೆ ಬರುತ್ತದೆ. ಆ ಚೀಲ ಎರಡು ದಿನ ಮೊದಲೇ ತುಂಬಿರುತ್ತದೆ ಎಂಬುದು ಬೇರೆ ಮಾತು.

ಅಕ್ಕ ಹೀಗೆ ಬಂದ ಒಂದು ಪಂಚಮಿಯಲ್ಲಿ ನನ್ನ ಅಂಗಡಿಯ ಚೀಲಗಳ ನಡುವೆ ಯಾವುದೋ ತಾಯಿ ಬಿಟ್ಟುಹೋದ ಮರಿಯೊಂದು ಕುಂಯ್‌ಗುಡುತ್ತಿತ್ತು. ಅಕ್ಕ ಅದನ್ನು ಉಡಿಯಲ್ಲಿ ಹಾಕಿಕೊಂಡು ಮನೆಗೆ ತಂದಳು. ಅವ್ವನ ಪಾಲು, ತಮ್ಮನ ಪಾಲು ಎಂದು ಒಬ್ಬೊಬ್ಬರ ಹೆಸರಲ್ಲಿ ನಾಗಪ್ಪನಿಗೆ ಎರೆದು ಉಳಿದ ಹಾಲನ್ನು ಅದಕ್ಕೆ ಹಾಕಿದಳು. "ಪಂಚಮಿಗೆ ಸಿಕ್ಕಾನ, ಪಂಚ್ಯಾ ಅನ್ರಿ" ಎಂದಳು. ನಾಲ್ಕು ದಿನ ಅವಳ ಸೆರಗಿನಲ್ಲೇ ಮಲಗಿತು. ಆಮೇಲೆ ವರ್ಷಪೂರ್ತಿ ಅನ್ನ ಹಾಕಿದವರು ನಾವು. ಅದರ ಪಾಲಿಗೆ ಯಜಮಾನಿ ಮಾತ್ರ ಅವಳೇ. ಏನಾದರೂ ಕೆಲಸಕ್ಕೆ ನಾನು ಕರ್ಜಗಿಗೆ ಹೋಗಿ ಬಂದರೆ ಪಂಚ್ಯಾ ನನ್ನ ಧೋತರದ ಅಂಚು ಮೂಸುತ್ತಿತ್ತು. ಅಕ್ಕನ ಮನೆಯ ಎಮ್ಮೆ ಕೊಟ್ಟಿಗೆ, ಕುಸುಬಿ ಎಣ್ಣೆ, ಒಲೆಯ ಹೊಗೆ ಎಲ್ಲ ಅಂಚಿಗೆ ಅಂಟಿರುತ್ತಿತ್ತೋ ಏನೋ. ಮೂಸಿದ್ದೇ ತಡ, ತನ್ನ ಸುತ್ತ ತಾನೇ ಗಿರಗಿರ ತಿರುಗಿ, ಓಣಿಯ ಮೂಲೆಯವರೆಗೆ ಓಡಿ, ಸ್ಟೇಶನ್ ದಾರಿ ನೋಡಿ, ಮತ್ತೆ ಓಡಿ ಬರುತ್ತಿತ್ತು. ಕಟ್ಟೆಯ ಮೇಲೆ ಕೂತ ಅವ್ವ ನಗುತ್ತಿದ್ದಳು. "ಗಿರಿಜಾನ ಮನಿಗೆ ಹೋಗಿದ್ದೇನೋ? ಪಂಚ್ಯಾ ಹೇಳಾಕತ್ತಾನ ನೋಡು."

ನಾನೂ ನಗುತ್ತಿದ್ದೆ. ಮುಂದೆ ಸುಳ್ಳು ಹೇಳಬೇಕಾದ ಕಾಲಕ್ಕೆ ಈ ನಗು ನೆನಪಾಗಲಿಲ್ಲ. ಸುಳ್ಳು ಹೇಳುವವನು ಎಲ್ಲರ ಬಾಯಿಯನ್ನೂ ಯೋಚಿಸಿರುತ್ತಾನೆ, ಮೂಗನ್ನು ಯೋಚಿಸಿರುವುದಿಲ್ಲ.

ಜಗಳ ಆದದ್ದು ಉಂಡಿಯಿಂದ. ಹೇಳಲೂ ನಾಚಿಕೆಯಾಗುತ್ತದೆ. ಹೊಲದ ಹದ್ದಿಗಾಗಿ ಜಗಳವಾಡಿದೆವು ಎಂದರೆ ಹಾವೇರಿಯ ಕೋರ್ಟಿನಲ್ಲಾದರೂ ನಮಗೆ ಒಂದು ಬೆಲೆ ಇರುತ್ತಿತ್ತು. ಪಂಚ್ಯಾ ಬಂದು ಏಳೆಂಟು ವರ್ಷವಾದ ಮೇಲಿನ ಒಂದು ಪಂಚಮಿಗೆ ನನ್ನ ಹೆಂಡತಿ ಶಂಕ್ರವ್ವ ಮಾಡಿದ ಶೇಂಗಾ ಉಂಡಿಯ ಪಾಕ ಏರಿತ್ತು, ಉಂಡಿ ಕಲ್ಲಾಗಿತ್ತು. ಅಂಗಳದಲ್ಲಿ ಜೋಕಾಲಿ ಆಡಲು ಓಣಿಯ ಹೆಣ್ಣುಮಕ್ಕಳೆಲ್ಲ ಸೇರಿದ್ದರು. ಅಕ್ಕ ಒಂದು ಉಂಡಿ ಕಚ್ಚಿ, ಕೆನ್ನೆ ಹಿಡಿದುಕೊಂಡು, "ಶಂಕ್ರವ್ವಾ, ಇವನ್ನ ತಿನ್ನಾಕ ಮಾಡೀಯೋ, ನಾಯಿಗೆ ಒಗ್ಯಾಕ ಮಾಡೀಯೋ?" ಎಂದಳು. ಎಲ್ಲರೂ ನಕ್ಕರು. ಯಾರೋ ಒಬ್ಬಳು ನಿಜವಾಗಿಯೂ ಒಂದು ಉಂಡಿಯನ್ನು ಪಂಚ್ಯಾನ ಮುಂದೆ ಉರುಳಿಸಿದಳು. ಅದು ಉಂಡಿಯನ್ನು ಆ ಕಡೆ ಈ ಕಡೆ ಕಚ್ಚಿ ನೋಡಿ, ಬಿಟ್ಟು, ಹೋಗಿ ನೆರಳಲ್ಲಿ ಮಲಗಿತು. ನಗು ಇಮ್ಮಡಿಯಾಯಿತು. ಶಂಕ್ರವ್ವ ಒಳಗೆ ಹೋದವಳು ಹೊರಗೆ ಬರಲಿಲ್ಲ.

ನಾನು ಮೊದಲು ನಾಯಿಯನ್ನು ಒದ್ದೆ. ಅದು ಸಾಲದೆಂದು ಅಕ್ಕನಿಗೆ ಅಂದೆ: "ನಿಮ್ಮನ್ಯಾಗ ಛಲೋ ಉಂಡಿ ಮಾಡ್ತೀರಲ್ಲ, ಬರೂ ವರ್ಷದಿಂದ ಅಲ್ಲೇ ಕುಂತು ತಿನ್ನು."

ಜೋಕಾಲಿ ನಿಂತಿತು. ತವರಿಗೆ ಬಂದ ಹೆಣ್ಣುಮಗಳಿಗೆ ಹಬ್ಬದ ದಿನ, ನಾಲ್ಕು ಜನರ ಎದುರು, ತಮ್ಮನಾದವನು ಆಡುವ ಮಾತಲ್ಲ ಅದು. ಅಕ್ಕ ಕೈಯಲ್ಲಿದ್ದ ಅರ್ಧ ಉಂಡಿಯನ್ನು ತಾಟಿನಲ್ಲಿ ಇಟ್ಟಳು. ಮೆಲ್ಲಗೆ ಇಟ್ಟಳು. ಎಸೆದಿದ್ದರೆ ಚೆನ್ನಾಗಿತ್ತು, ನನಗೂ ಸಿಟ್ಟು ಮಾಡಲು ಒಂದು ಕಾರಣ ಸಿಗುತ್ತಿತ್ತು. ಸಂಜೆಯ ಗಾಡಿಗೆ ಅವ್ವನ ಕಾಲು ಮುಟ್ಟಿ ಹೊರಟುಹೋದಳು. ಸ್ಟೇಶನ್ನಿನವರೆಗೆ ಅವಳನ್ನು ಕಳಿಸಲು ಹೋದದ್ದು ಪಂಚ್ಯಾ ಒಂದೇ.

ಈ ಒದೆತದ ವಿಷಯದಲ್ಲಿ ಒಂದು ಮಾತು. ಅದೇ ಕಾಲಿನಿಂದ ಒದೆಸಿಕೊಂಡ ಪಂಚ್ಯಾ ಸ್ಟೇಶನ್ನಿಂದ ಮರಳಿ ಬಂದು ಅದೇ ಕಾಲಿನ ಮೇಲೆ ಗದ್ದ ಇಟ್ಟು ಮಲಗಿತು. ನಾಯಿಗೆ ನೆನಪಿನ ಶಕ್ತಿ ಇಲ್ಲ ಎಂದು ನೀವು ಹೇಳಬೇಡಿ. ಮೂರು ವರ್ಷದ ಹಿಂದೆ ಕಲ್ಲು ಒಗೆದ ಪೋಸ್ಟಿನವನನ್ನು ಅದು ಸಾಯುವವರೆಗೆ ಬಿಡುವುದಿಲ್ಲ. ಮನೆಯವರ ಒದೆತವನ್ನು ಮಾತ್ರ ಅದು ಬೇರೆ ಕಡೆ ಇಡುತ್ತದೆ, ಕೈಗೆ ಸಿಗದ ಕಡೆ. ನಾವು ತಲೆಕೆಳಗು. ಪರರು ಅಂದದ್ದು ಸಂಜೆಗೆ ಮರೆಯುತ್ತದೆ. ಒಡಹುಟ್ಟಿದವರಿಗೆ ನಾವೇ ಅಂದ ಮಾತೂ ಅವರ ತಪ್ಪಾಗಿಯೇ ನೆನಪಿರುತ್ತದೆ. ವರ್ಷ ತಿರುಗುವಷ್ಟರಲ್ಲಿ, ಅಕ್ಕನೇ ನನಗೆ ಏನೋ ಅಂದಳು ಎಂಬಷ್ಟರ ಮಟ್ಟಿಗೆ ನನ್ನ ಸಿಟ್ಟು ಬೆಳೆದಿತ್ತು.

ಮತ್ತೆ ಶ್ರಾವಣ ಬಂತು. ಶ್ರಾವಣದಲ್ಲಿ ಬ್ಯಾಡಗಿಯ ಮೂಗುಗಳಿಗೆ ರಜೆ. ಸುಗ್ಗಿಯ ಕಾಲದಲ್ಲಿ ಮೆಣಸಿನಕಾಯಿಯ ಘಾಟಿಗೆ ಮನುಷ್ಯರ ಜೊತೆ ನಾಯಿಗಳೂ ಸೀನುತ್ತ ತಿರುಗುತ್ತವೆ. ಮಳೆ ಹನಿದ ಮೇಲೆ ಘಾಟು ಇಳಿದು ಎಲ್ಲರ ಮೂಗೂ ಚುರುಕಾಗುತ್ತದೆ. ಇದು ಆಮೇಲೆ ನನಗೆ ಮುಳುವಾಯಿತು.

ಅವ್ವ ಉಂಡಿಯ ಗಂಟು ಕಟ್ಟಿ ಕೊಟ್ಟು, "ಹೋಗಿ ಕರ್ಕೊಂಡು ಬಾರಪ್ಪಾ. ಆದದ್ದು ಆತು" ಎಂದಳು. ಆಕೆಗೆ ಮೊಣಕಾಲು ನೋವು, ಕಿವಿಯೂ ಮಂದ. ರೈಲು ಹತ್ತಲು ಆಗುತ್ತಿರಲಿಲ್ಲ, ಫೋನಿನಲ್ಲಿ ಮಾತು ಕೇಳುತ್ತಿರಲಿಲ್ಲ. ಮಗಳ ಮುಖ ನೋಡಬೇಕೆಂದರೆ ನಾನೇ ದಾರಿ. ಆ ದಾರಿ ಬ್ಯಾಡಗಿಯಲ್ಲಿ ಹೊರಟು ಹಾವೇರಿಯಲ್ಲಿ ಇಳಿಯಿತು.

ಚಹಾ ಕುಡಿದು ಮುಂದಿನ ಡಬ್ಬಿಗೆ ಹತ್ತೋಣವೆಂದೇ ಇಳಿದದ್ದು. ಚಹಾ ಮುಗಿಯಿತು, ಗಾಡಿ ಸೀಟಿ ಹಾಕಿತು, ನಾನು ಕೂತಲ್ಲೇ ಕೂತಿದ್ದೆ. ಮಾವ, ಅಂದರೆ ಅಕ್ಕನ ಗಂಡ, ಏನನ್ನುತ್ತಾನೋ, ಅಕ್ಕ ಎಲ್ಲರೆದುರು ಬಾಗಿಲು ಹಾಕಿಕೊಂಡರೆ ಹೇಗೋ. ಗಾಡಿ ಹೋಯಿತು. ಮಂಡಕ್ಕಿ ಮಿರ್ಚಿ ತಿಂದೆ. ಅಪರಾಧ ಮಾಡುವವನಿಗೆ ಹಸಿವು ಹೆಚ್ಚು. ಆಮೇಲೆ ಗಂಟಿನ ಚಿಂತೆ ಹತ್ತಿತು. ಮನೆಗೆ ಒಯ್ಯುವಂತಿಲ್ಲ, ಅಕ್ಕನಿಗೆ ಮುಟ್ಟಿಸುವಂತಿಲ್ಲ. ಪ್ಲಾಟ್‌ಫಾರ್ಮಿನ ಕೊನೆಗೆ ಒಂದು ಬಡಕಲು ಹೆಣ್ಣುನಾಯಿ ನಿಂತಿತ್ತು. ಅದರ ಮುಂದೆ ಗಂಟು ಬಿಚ್ಚಿದೆ. ಆ ವರ್ಷ ಪಾಕ ಸರಿಯಾಗಿತ್ತು. ಶಂಕ್ರವ್ವ ನಾಲ್ಕು ಸಲ ನೀರಿನಲ್ಲಿ ಹನಿ ಬಿಟ್ಟು ನೋಡಿ ಮಾಡಿದ್ದಳು. ನಾಯಿ ಒಂದು ಉಂಡಿಯನ್ನು ಬಾಯಲ್ಲಿ ಹಿಡಿಯಿತು, ತಿನ್ನಲಿಲ್ಲ. ಹಳೆ ಸಿಮೆಂಟು ಪೈಪೊಂದರ ಒಳಗೆ ನುಗ್ಗಿತು. ಒಳಗೆ ಮರಿಗಳ ಸದ್ದು. ಮತ್ತೆ ಬಂದು ಮತ್ತೊಂದು ಒಯ್ದಿತು. ಹೀಗೆ ಅಷ್ಟೂ ಉಂಡಿಯನ್ನು ಒಳಗೆ ಮುಟ್ಟಿಸಿ, ಕೊನೆಗೆ ನೆಲಕ್ಕೆ ಬಿದ್ದ ಪುಡಿಯನ್ನು ತಾನು ನೆಕ್ಕಿತು. ತಾಯಿ ಕಟ್ಟಿಕೊಟ್ಟದ್ದನ್ನು ಮಗಳಿಗೆ ಮುಟ್ಟಿಸಲಾರದವನು ಅಲ್ಲೇ ನಿಂತು ಇದನ್ನು ನೋಡಿದೆ. ನೋಡಿದರೂ ಕರ್ಜಗಿಯ ಮುಂದಿನ ಗಾಡಿ ಹತ್ತಲಿಲ್ಲ. ಪಾಠ ಕಣ್ಣೆದುರೇ ನಡೆದರೂ ನಪಾಸಾಗುವವರು ಇರುತ್ತಾರೆ.

ಸಂಜೆ ಮನೆಗೆ ಬಂದೆ. ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ಪಂಚ್ಯಾ ಓಡಿ ಬಂದು ಧೋತರದ ಅಂಚು ಮೂಸಿತು, ಕೈ ಮೂಸಿತು, ಬರಿದಾದ ಗಂಟಿನ ಬಟ್ಟೆ ಮೂಸಿತು. ಆಮೇಲೆ ಮುಖ ತಿರುಗಿಸಿಕೊಂಡು ಹೋಗಿ ಅವ್ವನ ಕಾಲ ಬಳಿ ಮಲಗಿತು.

"ಅಕ್ಕ ಏನಂದ್ಲೋ?" ಅವ್ವ ಕೇಳಿದಳು.

"ಬರಂಗಿಲ್ಲ ಅಂದ್ಲು ಬೇ."

ಅವ್ವ ನಾಯಿಯ ತಲೆ ಸವರುತ್ತ, "ಆತು ಬಿಡು. ಉಣ್ಣು ನಡಿ" ಎಂದಳು.

ಎಷ್ಟು ಸುಲಭ, ನೋಡಿ. ಒಬ್ಬ ತಾಯಿಗೂ ಮಗಳಿಗೂ ನಡುವೆ ಗೋಡೆ ಎಬ್ಬಿಸಲು ಮೂರು ಮಾತು ಸಾಕಾಯಿತು.

ಎರಡನೇ ವರ್ಷ ನಾನು ಸ್ವಲ್ಪ ಸುಧಾರಿಸಿದೆ ಎನ್ನಬೇಕು. ಹಾವೇರಿಯಲ್ಲಿ ಇಳಿದು ಕಾಯಿನ್ ಬಾಕ್ಸಿನಿಂದ ಅಕ್ಕನ ಮನೆಗೆ ಫೋನ್ ಮಾಡಿದೆ. ಆಗ ಹಳ್ಳಿಗಳಲ್ಲೂ ಮನೆಮನೆಗೆ ಫೋನ್ ಬಂದಿತ್ತು. ಕಾಲ ಬದಲಾಗಿದೆ, ಕರೆಯುವ ರೀತಿಯೂ ಬದಲಾಗಲಿ ಎಂಬುದು ನನ್ನ ವಾದ. ನಾಯಿಗೆ ಕೆಲಸ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ ಎಂಬ ಗಾದೆ ನಮ್ಮಲ್ಲಿದೆ. ಅವ್ವ ನನಗೆ ಹೇಳಿದಳು, ನಾನು ಫೋನಿಗೆ ಹೇಳಿದೆ. ಈ ಗಾದೆಯಲ್ಲಿ ನಾಯಿಯ ಹೆಸರು ಕೆಡಿಸಿದ್ದು ಯಾರೋ ಮನುಷ್ಯನೇ ಇರಬೇಕು.

"ಪಂಚಮಿಗೆ ಬಾ ಅಕ್ಕಾ" ಎಂದೆ.

ಅತ್ತ ಕಡೆಯಿಂದ, "ಎಲ್ಲಿಂದ ಮಾತಾಡಾಕತ್ತೀ?"

"ಹಾವೇರಿ ಸ್ಟೇಶನ್ನಿಂದ."

"ಹಾವೇರಿ ತನಕ ಬಂದು ಫೋನ್ ಮಾಡ್ತೀ? ಇನ್ನೊಂದ ಸ್ಟೇಶನ್ ಐತಲ್ಲೋ ತಮ್ಮಾ."

ಫೋನಿನ ಹಿಂದೆ ಅವಳ ಮನೆಯ ಎಮ್ಮೆ ಕೂಗಿದ್ದು ಕೇಳಿಸಿತು. "ಆತು, ಇಡತೇನಿ. ಒಲಿ ಮ್ಯಾಲೆ ರೊಟ್ಟಿ ಐತಿ" ಎಂದು ಇಟ್ಟಳು. ಅವಳ ಎಮ್ಮೆಯ ದನಿ ಕೇಳಿದರೂ ವಾಸನೆ ಅಂಟುವುದಿಲ್ಲವಲ್ಲ. ಫೋನಿನ ಕೊರತೆಯೇ ಅದು. ಸಂಜೆ ಪಂಚ್ಯಾ ಮೂಸಿತು, ಮುಖ ತಿರುಗಿಸಿತು. "ಏನಂದ್ಲೋ?" "ಬರಂಗಿಲ್ಲ ಅಂದ್ಲು ಬೇ." "ಆತು ಬಿಡು. ಉಣ್ಣು ನಡಿ."

ಅಷ್ಟು ಹೊತ್ತಿಗೆ ನಾನು ಒಂದು ಹೆಜ್ಜೆ ಮುಂದೆ ಹೋಗಿದ್ದೆ. ಪೇಟೆಯಲ್ಲಿ ಯಾರಾದರೂ ಅಕ್ಕನ ಸುದ್ದಿ ತೆಗೆದರೆ, "ಎರಡ ಸಲ ಮನಿಗೆ ಹೋಗಿ ಕರದೇನ್ರಿ, ಭಾಳ ಸೊಕ್ಕು ಬಂದೈತಿ ಆಕಿಗೆ" ಎಂದು ನಿಟ್ಟುಸಿರು ಬಿಡುತ್ತಿದ್ದೆ. ಕೇಳಿದವರು ಅಯ್ಯೋ ಪಾಪ ಎನ್ನುತ್ತಿದ್ದರು. ನನಗೂ ನನ್ನ ಮೇಲೆ ಅಯ್ಯೋ ಪಾಪ ಎನಿಸುತ್ತಿತ್ತು. ಮನುಷ್ಯನಿಗೆ ದೇವರು ಬಾಲ ಕೊಡದಿದ್ದುದು ಇಂಥ ಹೊತ್ತಿಗೆ ಬಹಳ ಅನುಕೂಲ. ಪಂಚ್ಯಾ ರೊಟ್ಟಿ ಬುಟ್ಟಿಗೆ ಬಾಯಿ ಹಾಕಿದ ದಿನ ಮಂಚದ ಕೆಳಗೆ ಸೇರಿ, ಬಾಲವನ್ನು ಹೊಟ್ಟೆಯ ಕೆಳಗೆ ಮಡಚಿಕೊಂಡು ತಾನೇ ಒಪ್ಪಿಕೊಳ್ಳುತ್ತಿತ್ತು. ನಾವು ಬುಟ್ಟಿ ನೋಡುವ ಮೊದಲೇ ತಪ್ಪೊಪ್ಪಿಗೆ ಮುಗಿದಿರುತ್ತಿತ್ತು. ಮನುಷ್ಯರಿಗೂ ಬಾಲವಿದ್ದಿದ್ದರೆ ಜಿಲ್ಲಾ ಕೇಂದ್ರದ ಅರ್ಧ ವಕೀಲರು ಹೊಲಕ್ಕೆ ಹೋಗಬೇಕಾಗುತ್ತಿತ್ತು.

ಮುಂದಿನ ಬೇಸಿಗೆಯಲ್ಲಿ ರಾಣೆಬೆನ್ನೂರಿಗೆ ಚೀಲ ತರಲು ಹೋಗಿದ್ದೆ. ಚೀಲ ಕೊಡುವವರ ಮನೆಯಲ್ಲಿ ಅಂದು ದೋಣಿ ತುಂಬಿಸುವ ಹರಕೆ. ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ರಾಣೆಬೆನ್ನೂರಿನ ಹತ್ತಿರ ದೇವರಗುಡ್ಡದಲ್ಲಿ ಮಾಲತೇಶ ಇದ್ದಾನೆ, ಅಂದರೆ ನಮ್ಮ ಮೈಲಾರಲಿಂಗ. ಅವನ ಭಕ್ತರು ಗೊರವಯ್ಯಗಳು. ಕರಿ ಕಂಬಳಿ ತೊಟ್ಟು, ಡಮರು ಹಿಡಿದು, ಹಣೆಗೆ ಭಂಡಾರದ ಅರಿಶಿನ ಬಡಿದುಕೊಂಡು ಬರುತ್ತಾರೆ. ತಾವು ಮೈಲಾರನ ನಾಯಿಗಳು ಎಂಬುದು ಅವರ ನಂಬಿಕೆ. ದೋಣಿ ಎಂದರೆ ಅವರ ಊಟದ ಪಾತ್ರೆ. ಹರಕೆ ಹೊತ್ತವರು ಅದರಲ್ಲಿ ಹಾಲು, ಬಾಳೆಹಣ್ಣು, ಸಕ್ಕರೆ ಕಲಸಿ ತುಂಬಿಸುತ್ತಾರೆ. ಆಗ ಈ ಗಡ್ಡದ ಹಿರಿಯರು ನಾಲ್ಕು ಕಾಲಿನ ಮೇಲೆ ನಿಂತು, ಬೊಗಳಿ, ಒಬ್ಬರಿಗೊಬ್ಬರು ಗುರ್ ಎಂದು, ನೇರ ದೋಣಿಗೆ ಬಾಯಿ ಹಾಕಿ ಉಣ್ಣುತ್ತಾರೆ. ನಾಯಿಯಾಗುವುದು ನಮ್ಮ ಕಡೆ ಬೈಗುಳ. ದೇವರ ಮುಂದೆ ಆದರೆ ಅದೇ ಭಕ್ತಿ.

ಉಂಡಾದ ಮೇಲೆ ಒಬ್ಬ ಮುದಿ ಗೊರವಯ್ಯ ಕಟ್ಟೆಯ ಮೇಲೆ ನನ್ನ ಪಕ್ಕ ಕೂತು, ಗಡ್ಡದ ಹಾಲು ಒರೆಸಿಕೊಂಡು, ಚಹಾದಲ್ಲಿ ಸಕ್ಕರೆ ಕಡಿಮೆ ಎಂದು ಬೈಯುತ್ತಿದ್ದ. ನಾನು ಚೇಷ್ಟೆಗೆ ಕೇಳಿದೆ: "ಅಜ್ಜಾ, ನಾಯಿ ಆಗೋದು ಕಠಿಣ ಏನ್ರಿ?"

"ಬೊಗಳೋದು ಹಗುರ ಐತೋ ಯಪ್ಪಾ. ಮೈಯಾಗಿನ ನಾ ಅನ್ನೋದನ್ನ ನೆಲಕ್ಕ ಇಡೋದು ಕಠಿಣ. ನಾವು ಒಂದ್ ತಾಸು ನಾಯಿ ಆಗಿ ಚಾ ಕುಡ್ಯಾಕ ಎದ್ದು ಬಂದ್ವಿ. ಅದು ದಿನಾ ಆಗಿರತೈತಿ. ದೊಡ್ಡ ಭಕ್ತ ಯಾರು, ನೀನ ಹೇಳು." ಚಹಾದ ಲೋಟ ಕೆಳಗಿಟ್ಟು ಕೇಳಿದ: "ನಿಮ್ಮನ್ಯಾಗ ಐತೇನು ನಾಯಿ?"

"ಐತ್ರಿ. ಹೊರಗಿಂದ ಬಂದ್ರ ಮೂಸತೈತಿ, ಮಾರಿ ತಿರಿವಿಕೊಂಡು ಹೋಗತೈತಿ."

ಅಜ್ಜ ಹೊಟ್ಟೆ ಕುಣಿಸಿ ನಕ್ಕ. "ಮೂಸಿದ ಮ್ಯಾಲೂ ಬೊಗಳಂಗಿಲ್ಲಂದ್ರ ನಿನ್ನ ಮರ್ಯಾದಿ ಕಾಯಾಕತ್ತೈತಿ ಅಂತ ತಿಳ್ಕೊ!"

ನಾನೂ ನಕ್ಕೆ. ಬಸ್ಸಿನಲ್ಲಿ ಬರುವಾಗ ಮಾತ್ರ ನಗು ಬರಲಿಲ್ಲ.

ಹಾಗೆಂದು ಮೂರನೇ ವರ್ಷ ಕರ್ಜಗಿಗೆ ಹೋದೆನೆಂದು ತಿಳಿಯಬೇಡಿ. ಆ ವರ್ಷ ರೈಲು ತಪ್ಪಿತು, ಅಂದರೆ ನಾನೇ ತಪ್ಪಿಸಿದೆ. ಬಸ್ಸಿಗೆಂದು ಮೋಟೆಬೆನ್ನೂರಿಗೆ ಹೋದೆ. ಹೆದ್ದಾರಿಯ ಮೇಲೆ ಒಂದು ಖಾನಾವಳಿಯಲ್ಲಿ ಸಂಜೆಯವರೆಗೆ ಹಾವೇರಿಯ ಬಸ್ಸುಗಳನ್ನು ಎಣಿಸುತ್ತ ಕೂತೆ. ಮೊದಲ ವರ್ಷ ಹಾವೇರಿ, ಎರಡನೇ ವರ್ಷವೂ ಹಾವೇರಿ, ಮೂರನೇ ವರ್ಷ ಮೋಟೆಬೆನ್ನೂರು. ನನ್ನ ಧೈರ್ಯ ಹೀಗೆ ಹಿಂದೆ ಹಿಂದೆ ಸರಿಯುತ್ತಿದ್ದರೆ ಮುಂದಿನ ವರ್ಷ ನನ್ನ ಅಂಗಡಿಯ ಚೀಲದೊಳಗೇ ಕೂತು ಬರುತ್ತಿದ್ದೆನೇನೋ. ಸಂಜೆ ಮತ್ತೆ ಅದೇ ಮೂಸುವುದು, ಅದೇ ಮುಖ ತಿರುಗಿಸುವುದು. ಆದರೆ ಆ ವರ್ಷ ಅವ್ವ "ಅಕ್ಕ ಏನಂದ್ಲೋ?" ಎಂದು ಕೇಳಲೇ ಇಲ್ಲ. ಕಿವಿಯಂತೆ ಮನಸ್ಸೂ ಮಂದವಾಯಿತೇನೋ ಎಂದುಕೊಂಡು ನಾನು ಸಮಾಧಾನಪಟ್ಟೆ. ಹೌದು, ಸಮಾಧಾನಪಟ್ಟೆ. ಈ ಬರಹದಲ್ಲಿ ನನಗೆ ಬಹಳ ನಾಚಿಕೆ ತರುವ ಮಾತು ಇದೇ.

ನಾಲ್ಕನೇ ಪಂಚಮಿಗೆ ಅವ್ವ ಬಹಳ ಇಳಿದುಹೋಗಿದ್ದಳು. ಆದರೂ ಕೂತಲ್ಲೇ ಉಂಡಿ ಕಟ್ಟಿಸಿದಳು. ನಾನು ಗಂಟು ಹಿಡಿದು ಚಪ್ಪಲಿ ಮೆಟ್ಟುವಾಗ ಕಟ್ಟೆಯಿಂದ ಅವ್ವನ ದನಿ ಬಂತು.

"ಈ ಸಲ ಎಲ್ಲಿ ತನಕ ಹೊಂಟೀ?"

"ಕರ್ಜಗಿಗೆ ಬೇ."

"ಅದು ಗೊತ್ತೈತಿ. ಎಲ್ಲಿ ತನಕ ಅಂತ ಕೇಳಿದೆ."

ನನ್ನ ಒಂದು ಕಾಲು ಚಪ್ಪಲಿಯಲ್ಲಿ, ಒಂದು ಹೊರಗೆ. ಒಳಗೆ ಶಂಕ್ರವ್ವನ ಪಾತ್ರೆಯ ಸದ್ದೂ ನಿಂತಿತು.

"ಯಾರ್ ಹೇಳಿದ್ರು ನಿನಗ?" ಎಂದು ಕೇಳಿದೆ.

ಅವ್ವ ಗದ್ದದಿಂದ ಪಂಚ್ಯಾನನ್ನು ತೋರಿಸಿದಳು. ಅದು ಕಣ್ಣು ಮುಚ್ಚಿ ಮಲಗಿತ್ತು, ತನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ. "ಅವ ಹೇಳಿದ. ಮೊದಲನೇ ವರ್ಷನ ಹೇಳಿದ. ಗಿರಿಜಾನ ಹೊಸ್ತಲಾ ತುಳದು ಬಂದಿದ್ರ ಅವ ಕುಣೀತಿದ್ದ."

"ಮತ್ತ ಯಾಕ ಸುಮ್ಮನಿದ್ದಿ ಬೇ? ಒಂದ ಮಾತು ಕೇಳಿದ್ರ ನಾ..."

"ಕೇಳಿದ್ರ ಹೋಗ್ತಿದ್ದಿ. ನನ್ನ ಅಂಜಿಕಿಗೆ ಹೋಗ್ತಿದ್ದಿ. ಹಂಗ ಹೋದ್ರ ನಾ ಕರದಂಗ ಆಗ್ತಿತ್ತು. ತಮ್ಮ ಕರದಂಗ ಆಗ್ತಿದ್ದಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಈ ಸಲಾನೂ ಕೇಳ್ತಿದ್ದಿಲ್ಲ. ಇನ್ನೊಂದ್ ಪಂಚಮಿ ಕಾಯೂ ತಾಕತ್ತು ನನಗಿಲ್ಲೋ ಯಪ್ಪಾ."

ಮೂರು ವರ್ಷ ಆಕೆ ನನ್ನ ಸುಳ್ಳನ್ನು ಮಡಿಲಲ್ಲಿಟ್ಟುಕೊಂಡು, ನನಗೇ ಬಡಿಸಿ, "ಉಣ್ಣು ನಡಿ" ಎಂದಿದ್ದಳು. ಪೇಟೆಯ ಮೂಗು ಎಂದು ಹೆಸರಾದವನಿಗೆ ತನ್ನ ಮನೆಯ ಅನ್ನದಲ್ಲಿ ಅದು ವಾಸನೆ ಬಡಿಯಲಿಲ್ಲ. ಶಂಕ್ರವ್ವ ಹೊರಗೆ ಬಂದು, ನನ್ನ ಮುಖ ನೋಡದೆ, ಇನ್ನೆರಡು ಉಂಡಿಯನ್ನು ಗಂಟಿಗೆ ಸೇರಿಸಿದಳು. "ಪಾಕ ನೋಡೇ ಮಾಡೇನ್ರಿ. ಅಕ್ಕಾರಿಗೆ ಹೇಳ್ರಿ."

ಹಾವೇರಿಯಲ್ಲಿ ಗಾಡಿ ನಿಂತಾಗ ನಾನು ಸೀಟಿನ ಪಟ್ಟಿಯನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದೆ. ಎದುರಿನವರು, "ಯಾಕ್ರಿ, ತಲಿ ತಿರಗತೈತೇನ್ರಿ?" ಎಂದು ಕೇಳಿದರು. ಹೂಂ ಎಂದೆ.

ಅಕ್ಕ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ತಲೆಯೆತ್ತಿ ನೋಡಿದಳು. "ಬಾ" ಎಂದಳು, ನಿನ್ನೆ ಹೋಗಿ ಇವತ್ತು ಬಂದವನಿಗೆ ಅನ್ನುವ ಹಾಗೆ. ಎದ್ದು ನೀರು ತಂದುಕೊಟ್ಟಳು. ನಾನು ಕುಡಿಯಲಿಲ್ಲ. ಕುಡಿದರೆ ಕರೆಯಬೇಕಾಗುತ್ತದೆ, ಕರೆಯುವ ಮೊದಲು ಹೇಳಬೇಕಾದದ್ದಿತ್ತು. ಗೊರವಯ್ಯ ನೆಲಕ್ಕೆ ಇಡಬೇಕೆಂದದ್ದನ್ನು ಇಡಲು ಹೋದೆ, ಅದು ಇಳಿಯಲೊಲ್ಲದು. ಕೊನೆಗೆ ಜೋಳದ ಮೊರವನ್ನೇ ನೋಡುತ್ತ ಹೇಳಿದೆ. "ನಾ ಒಂದ್ ಸಲಾನೂ ಇಲ್ಲಿ ತನಕ ಬರಲಿಲ್ಲ ಅಕ್ಕಾ. ನೀ ಬರಂಗಿಲ್ಲ ಅಂದಿ ಅಂತ ಅವ್ವಗ ಹೇಳೇನಿ. ಮೂರೂ ವರ್ಷ."

ಅಕ್ಕನ ಕೈ ಮೊರದಲ್ಲೇ ನಿಂತಿತು. ಈ ಒಂದು ಮಾತು ಅವಳಿಗೆ ಗೊತ್ತಿರಲಿಲ್ಲ. ತಮ್ಮ ಮನೆತನಕ ಬಂದು ಕರೆಯಲಿಲ್ಲ ಎಂಬುದಷ್ಟೇ ಗೊತ್ತಿತ್ತು. ತಾನೇ ಒಲ್ಲೆ ಎಂದೆನೆಂದು ಅವ್ವ ಮೂರು ವರ್ಷ ತಿಳಿದಿರಬಹುದು ಎಂಬುದು ಈಗ ತಿಳಿಯಿತು.

"ಅವ್ವ ಏನಂದ್ಲೋ?"

"ಅವ್ವ ನಂಬಲಿಲ್ಲ."

"ಯಾಕ ನಂಬಲಿಲ್ಲ?"

"ಪಂಚ್ಯಾ ಹೇಳಿದ್ನಂತ. ಮೂಸಿ ನೋಡಿ."

ಅಕ್ಕ ನಕ್ಕಳು. ನಗುವಾಗಲೇ ಸೆರಗು ಬಾಯಿಗೆ ಹೋಯಿತು, ಆಮೇಲೆ ಕಣ್ಣಿಗೆ ಹೋಯಿತು. ತಂಬಿಗೆಯನ್ನು ನನ್ನ ಕಡೆ ಸರಿಸಿ, "ನೀರು ಕುಡಿ" ಎಂದಳು. ಕುಡಿದೆ. "ಕರಿಯಾಕ ಬಂದೇನಿ" ಎಂದೆ.

"ನಾಳೆ ಬರ್ತೇನಿ. ಇವತ್ತ ಬರಂಗಿಲ್ಲ."

"ಯಾಕ ಅಕ್ಕಾ?"

"ಮೂರು ವರ್ಷ ಚೀಲಾ ತುಂಬಿ ಇಟ್ಟು ದಾರಿ ನೋಡೇನಿ. ಒಂದ್ ದಿನ ನೀ ನೋಡು." ಮೊರ ಎತ್ತಿ ಕೇರತೊಡಗಿದಳು. ಕೇರುತ್ತ, ನನ್ನ ಕಡೆ ನೋಡದೆ ಅಂದಳು: "ಮೂರೂ ವರ್ಷ ನಾಗಪ್ಪಗ ತಮ್ಮನ ಪಾಲಿನ ಹಾಲು ಎರದೇನಿ ಮತ್ತ. ಸಿಟ್ಟು ಬ್ಯಾರೆ, ಪಾಲು ಬ್ಯಾರೆ."

ಹೀಗಾಗಿ ಆ ಸಂಜೆಯೂ ನಾನು ಒಬ್ಬನೇ, ಬರಿಗೈಯಲ್ಲಿ ಮನೆಗೆ ಬಂದೆ. ಮೂರು ವರ್ಷ ಬಂದ ಹಾಗೆಯೇ. "ನಾಳೆ ಬರ್ತಾಳ" ಎಂದರೆ ಯಾರು ನಂಬುತ್ತಾರೆ? ನಿಜ ಹೇಳಲು ಹೊರಟವನಿಗೆ ಹಳೆಯ ಸುಳ್ಳಿನದೇ ಅಂಗಿ ತೊಡಿಸಿ ಕಳಿಸಿದ್ದಳು ಅಕ್ಕ. ಅವ್ವ ಕಟ್ಟೆಯ ಮೇಲಿದ್ದಳು. ಶಂಕ್ರವ್ವ ಬಾಗಿಲಲ್ಲಿದ್ದಳು. ಇಬ್ಬರೂ ನನ್ನನ್ನು ನೋಡಲಿಲ್ಲ, ನಾಯಿಯನ್ನು ನೋಡಿದರು. ನಾನೂ ಅದನ್ನೇ ನೋಡಿದೆ. ಏಳನೇ ಇಯತ್ತೆಯ ಫಲಿತಾಂಶ ನೋಡಲು ಹೋಗದವನು ಅಂದು ನಾಯಿಯ ಫಲಿತಾಂಶಕ್ಕೆ ಕಾದು ನಿಂತೆ.

ಪಂಚ್ಯಾನಿಗೂ ವಯಸ್ಸಾಗಿತ್ತು. ನಿಧಾನ ಎದ್ದು, ಮೈ ಮುರಿದು, ಬಂದು ಧೋತರದ ಅಂಚಿಗೆ ಮೂಗು ಇಟ್ಟಿತು. ಬಹಳ ಹೊತ್ತು ಇಟ್ಟಿತು. ಆಮೇಲೆ ಒಂದು ಸುತ್ತು ತಿರುಗಿತು, ಮತ್ತೊಂದು ಸುತ್ತು ತಿರುಗಿತು, ಹಿಂಗಾಲು ಜಾರಿ ಬಿದ್ದು ಎದ್ದು, ಓಣಿಯ ಮೂಲೆಗೆ ಓಡಿ ಸ್ಟೇಶನ್ ದಾರಿ ನೋಡಿ ಬೊಗಳಿತು.

ಅವ್ವ ಒಳಗಿನ ಕಡೆ ತಿರುಗಿ, "ಶಂಕ್ರವ್ವಾ, ನಾಳೆ ಹಿಟ್ಟು ಜಾಸ್ತಿ ನಾದಬೇಕ್ ನೋಡು" ಎಂದಳು. ನನ್ನನ್ನು ಏನೂ ಕೇಳಲಿಲ್ಲ. ಕೇಳುವ ಕೆಲಸ ಮುಗಿದಿತ್ತು.

ಅಕ್ಕ ಮರುದಿನ ಬೆಳಗಿನ ಗಾಡಿಗೆ ಬಂದಳು. ಮೊದಲು ಅವ್ವನ ಪಕ್ಕ ಕೂತಳು, ಆಮೇಲೆ ಶಂಕ್ರವ್ವನ ಉಂಡಿ ಕಚ್ಚಿ, "ಪಾಕ ಸ್ವಲ್ಪ ಎಳೀದಾತು" ಎಂದಳು. ಶಂಕ್ರವ್ವನೇ ಮೊದಲು ನಕ್ಕಳು.

ಪೇಟೆಯಲ್ಲಿ ನಾನು ಹಬ್ಬಿಸಿದ್ದ ಮಾತನ್ನು ಒಬ್ಬೊಬ್ಬರ ಹತ್ತಿರ ಹೋಗಿ ವಾಪಸು ತೆಗೆದುಕೊಳ್ಳಬೇಕಾಯಿತು. ಇನ್ನೂ ಇಬ್ಬರು ಉಳಿದಿದ್ದಾರೆ. ಇದನ್ನು ಬರೆದದ್ದು ಅವರ ಸಲುವಾಗಿಯೂ ಹೌದು.

ಈಗ ನನಗೊಂದು ಅಭ್ಯಾಸ ಅಂಟಿಕೊಂಡಿದೆ. ಹೊರಗಿನಿಂದ ಬಂದಾಗ ಹೊಸ್ತಿಲ ಬಳಿ ಒಂದು ಕ್ಷಣ ನಿಲ್ಲುತ್ತೇನೆ. ಅಂಗಿಯ ತೋಳನ್ನು ಮೂಗಿನ ಹತ್ತಿರ ತರುತ್ತೇನೆ, ಇವತ್ತು ನಾನು ಎಲ್ಲಿ ತನಕ ಹೋದೆ, ಎಲ್ಲಿಂದ ತಿರುಗಿ ಬಂದೆ ಎಂದು ನೋಡಿಕೊಳ್ಳಲು. ಮುದಿ ಪಂಚ್ಯಾ ಕಟ್ಟೆಯ ಮೇಲಿಂದ ಒಂದೇ ಕಣ್ಣು ತೆರೆದು ಗಮನಿಸುತ್ತದೆ. ಶಂಕ್ರವ್ವ ಮಾತ್ರ ಬೇರೆಯೇ ತಿಳಿದಿದ್ದಾಳೆ. "ಅಷ್ಟ ಬೆವರ ವಾಸನಿ ಬರತಿದ್ರ ಮೊದಲ ಜಳಕಾ ಮಾಡ್ರಿ" ಎಂದು ಬಚ್ಚಲಿಗೆ ನೀರು ತೋಡುತ್ತಾಳೆ. ಇದು ಜಳಕದಿಂದ ಹೋಗುವ ವಾಸನೆಯಲ್ಲ ಎಂದು ಹೇಳಬೇಕೆನಿಸುತ್ತದೆ. ಆದರೂ ಸುಮ್ಮನೆ ಹೋಗಿ ಮಾಡಿ ಬರುತ್ತೇನೆ.